ಜಾಮೀನು ನಿಂತವರ ಹೊಣೆ

ಸಾಲಪತ್ರಕ್ಕೆ ಜಾಮೀನು ಹಾಕುವುದು ಸುಲಭ. ಸಾಲ ತೀರುವವರೆಗೆ ಜಾಮೀನುದಾರನಾಗಿ ಉಳಿಯುವುದು ಕಷ್ಟ. ವ್ಯವಹಾರದಲ್ಲಿ ಪಳಗಿದವರೆಲ್ಲರೂ ಬಲ್ಲ ಈ ಮಾತು ರಾಷ್ಟ್ರಗಳಿಗೂ ಸಲ್ಲುತ್ತದೆ. ನೆರೆಹೊರೆಯ ಎರಡು ದೇಶಗಳು ಕಾದಾಡುವಾಗ ಹೊರಗಿನ ರಾಷ್ಟ್ರಗಳು ನಡುವೆ ಬಂದು ಸಂಧಿ ಮಾಡಿಸಿದ ನಿದರ್ಶನಗಳು ಇತಿಹಾಸದಲ್ಲಿ ಅನೇಕ. ಅವುಗಳಲ್ಲಿ ಕೆಲವು ಬಾಳಿದವು, ಕೆಲವು ಮುರಿದುಬಿದ್ದವು. ಇದಕ್ಕೆ ಕಾರಣವೇನೆಂದು ತಿಳಿಯಬಯಸುವವರು ದಕ್ಷಿಣ ಅಮೆರಿಕದ ಪೆರು ಮತ್ತು ಈಕ್ವೆಡಾರ್ ದೇಶಗಳ ವೃತ್ತಾಂತವನ್ನು ಅವಶ್ಯವಾಗಿ ನೋಡಬೇಕು. ಅಲ್ಲಿ ಒಂದೇ ಜಗಳಕ್ಕೆ ಅವೇ ನಾಲ್ಕು ರಾಷ್ಟ್ರಗಳು ಎರಡು ಬಾರಿ ಮಧ್ಯಸ್ಥಿಕೆ ವಹಿಸಿದವು. ಮೊದಲ ಸಲ ಮಾಡಿಸಿದ ಸಂಧಿ ಜಗಳವನ್ನು ತೀರಿಸಲಿಲ್ಲ, ಎರಡನೆಯದು ತೀರಿಸಿತು.

ಸ್ಪೇನಿನ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಕಾಲದಿಂದಲೂ ಅಮೆಜಾನ್ ಕಾಡಿನ ಗಡಿಯ ವಿಷಯದಲ್ಲಿ ಈ ಎರಡು ದೇಶಗಳಿಗೆ ವಿವಾದವಿತ್ತು. 1941ರ ಜುಲೈ ತಿಂಗಳಲ್ಲಿ ಅದು ಯುದ್ಧವಾಗಿ ಪರಿಣಮಿಸಿತು. ಬಲಿಷ್ಠವಾಗಿದ್ದ ಪೆರುವಿನ ಸೇನೆ ಈಕ್ವೆಡಾರಿನ ಎಲ್ ಓರೊ ಪ್ರಾಂತ್ಯವನ್ನು ಆಕ್ರಮಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿಯಾಗಿ ಅಮೆರಿಕ ಸಂಯುಕ್ತ ಸಂಸ್ಥಾನವು ಮಹಾಯುದ್ಧಕ್ಕೆ ಇಳಿಯಿತು. ಮರುತಿಂಗಳೇ ಅಮೆರಿಕ ಖಂಡಗಳ ವಿದೇಶಾಂಗ ಸಚಿವರು ರಿಯೊ ಡಿ ಜನೈರೊ ನಗರದಲ್ಲಿ ಸೇರಿದರು. ಖಂಡದ ಐಕ್ಯವೇ ಅಂದಿನ ತುರ್ತು. ಹಳೆಯ ಗಡಿವಿವಾದವನ್ನು ಆಮೂಲಾಗ್ರವಾಗಿ ವಿಚಾರಿಸುವ ಸಹನೆ ಯಾರಿಗೂ ಇರಲಿಲ್ಲ. 1942ರ ಜನವರಿ 29ರಂದು ರಿಯೊ ಒಪ್ಪಂದಕ್ಕೆ ಸಹಿ ಬಿದ್ದಿತು. ಬ್ರೆಜಿಲ್, ಅರ್ಜೆಂಟೀನಾ, ಚಿಲಿ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳು ಅದಕ್ಕೆ ಜಾಮೀನು ನಿಂತವು.

ತನ್ನ ನೆಲದಲ್ಲಿ ಎದುರಾಳಿಯ ಸೇನೆ ಬೀಡುಬಿಟ್ಟಿರುವಾಗಲೇ ಈಕ್ವೆಡಾರ್ ಸಹಿ ಹಾಕಬೇಕಾಯಿತು. ಅಮೆಜಾನ್ ಸೀಮೆಯ ವಿಶಾಲ ಪ್ರದೇಶದ ಮೇಲಣ ತನ್ನ ಹಕ್ಕನ್ನು ಬಿಡಬೇಕಾಯಿತು. ಇಕ್ಕಟ್ಟಿನಲ್ಲಿದ್ದವನಿಂದ ಬರೆಸಿಕೊಂಡ ಪತ್ರ ಕಾಗದದ ಮೇಲೆ ಊರ್ಜಿತವಿದ್ದರೂ ಮನಸ್ಸಿನಲ್ಲಿ ಊರ್ಜಿತವಾಗುವುದಿಲ್ಲ. ಇದರ ಜೊತೆಗೆ ಅವಸರದ ತಪ್ಪೊಂದು ಸೇರಿಕೊಂಡಿತು. ಝಮೋರಾ ಮತ್ತು ಸಾಂಟಿಯಾಗೊ ನದಿಗಳ ನಡುವಣ ಜಲವಿಭಾಜಕವೇ ಗಡಿಯೆಂದು ಒಪ್ಪಂದದ ಒಂದೆಡೆ ಬರೆದಿತ್ತು. ಕೆಲವು ವರ್ಷಗಳ ಬಳಿಕ ಅಮೆರಿಕದ ವಿಮಾನಗಳು ನಡೆಸಿದ ಮೋಜಣಿಯಲ್ಲಿ, ಆ ಎರಡು ನದಿಗಳ ನಡುವೆ ಸೆನೆಪಾ ಎಂಬ ಮೂರನೆಯ ನದಿಯು ಎಣಿಸಿದ್ದಕ್ಕಿಂತ ಬಹುದೂರ ಹರಿಯುತ್ತದೆಂದು ಕಂಡುಬಂದಿತು. ಒಂದೇ ಜಲವಿಭಾಜಕವೆಂದು ಬರೆದಲ್ಲಿ ಎರಡು ಇದ್ದವು! ಕಾಂಡೋರ್ ಪರ್ವತಶ್ರೇಣಿಯ ಸುಮಾರು 78 ಕಿಲೋಮೀಟರ್ ಗಡಿಗೆ ಕಲ್ಲು ನೆಡುವುದೇ ನಿಂತುಹೋಯಿತು. 1960ರಲ್ಲಿ ಈಕ್ವೆಡಾರಿನ ಅಧ್ಯಕ್ಷ ವೆಲಾಸ್ಕೊ ಇಬಾರಾ ಒಪ್ಪಂದವೇ ಅಸಿಂಧುವೆಂದು ಸಾರಿದರು. 1981ರಲ್ಲಿ ಕಾಳಗವಾಯಿತು. 1995ರ ಜನವರಿಯಲ್ಲಿ ಸೆನೆಪಾ ಕಣಿವೆಯಲ್ಲಿ ಮತ್ತೆ ಯುದ್ಧ ಹೊತ್ತಿಕೊಂಡಿತು.

ಈ ಸಲ ನಡೆದುದೇ ಬೇರೆ. ಯುದ್ಧದ ನಡುವೆಯೇ ಈಕ್ವೆಡಾರಿನ ಅಧ್ಯಕ್ಷ ಸಿಕ್ಸ್ಟೊ ಡ್ಯುರಾನ್ ಬಾಲೆನ್, ರಿಯೊ ಒಪ್ಪಂದವು ಜಾರಿಯಲ್ಲಿದೆಯೆಂದು ಒಪ್ಪಿಕೊಂಡರು. ಆ ಮಾತಿನಿಂದ ಜಾಮೀನುದಾರರಿಗೆ ನಡುವೆ ನಿಲ್ಲಲು ನೆಲೆ ದೊರೆಯಿತು. ಫೆಬ್ರವರಿ 17ರಂದು ಬ್ರೆಜಿಲಿನ ರಾಜಧಾನಿ ಬ್ರೆಸಿಲಿಯಾದಲ್ಲಿ ಕದನವಿರಾಮದ ಘೋಷಣೆಗೆ ಸಹಿಯಾಯಿತು. ಗುಂಡಿನ ಸದ್ದು ಕೂಡಲೇ ಅಡಗಲಿಲ್ಲ. ಫೆಬ್ರವರಿ 28ರಂದು ಮಾಂಟೆವಿಡಿಯೊದಲ್ಲಿ ಅದನ್ನು ಮತ್ತೊಮ್ಮೆ ದೃಢಪಡಿಸಬೇಕಾಯಿತು. ಮಧ್ಯಸ್ಥರು ಈ ಬಾರಿ ಸಹಿ ಮಾಡಿಸಿ ಊರಿಗೆ ಮರಳಲಿಲ್ಲ. ನಾಲ್ಕು ದೇಶಗಳ ಸೈನಿಕ ವೀಕ್ಷಕರು ಆ ದಟ್ಟ ಕಾಡಿನಲ್ಲಿ ಉಳಿದು ಎರಡು ಸೇನೆಗಳನ್ನು ದೂರ ಸರಿಸಿದರು. ಅದರ ವೆಚ್ಚವನ್ನು ಕಾದಾಡಿದ ದೇಶಗಳೇ ಭರಿಸಿದವು. ತನ್ನ ಹಣ ತೊಡಗಿದ ಶಾಂತಿಯನ್ನು ಯಾರೂ ಹಗುರವಾಗಿ ಕಾಣುವುದಿಲ್ಲ.

ಮಾತುಕತೆ ಮೂರು ವರ್ಷಕ್ಕೂ ಮೀರಿ ಸಾಗಿ ಕೊನೆಯ ಗಂಟಿಗೆ ಬಂದು ನಿಂತಿತು. ಆಗ ಪೆರುವಿನ ಫುಜಿಮೊರಿ, ಈಕ್ವೆಡಾರಿನ ಮಹುವಾದ್ ಇಬ್ಬರು ಅಧ್ಯಕ್ಷರೂ ತೀರ್ಮಾನವನ್ನು ಜಾಮೀನುದಾರರಿಗೆ ಒಪ್ಪಿಸಿದರು. ತೀರ್ಪು ಏನೇ ಬರಲಿ, ಅದಕ್ಕೆ ಬದ್ಧರೆಂದು ಎರಡೂ ದೇಶಗಳ ಸಂಸತ್ತುಗಳು ಮೊದಲೇ ಒಪ್ಪಿಗೆಯಿತ್ತವು. 1998ರ ಅಕ್ಟೋಬರ್ 26ರಂದು ಬ್ರೆಸಿಲಿಯಾದಲ್ಲಿ ಸಂಧಿಯಾಯಿತು. ಪೆರು ಹೇಳಿದಂತೆ ಕಾಂಡೋರ್ ಶಿಖರಶ್ರೇಣಿಯೇ ಗಡಿಯಾಯಿತು. ಈಕ್ವೆಡಾರಿನ ಸೈನಿಕರು ಪ್ರಾಣವೊಡ್ಡಿ ಹೋರಾಡಿದ ತಿವಿನ್ಸಾದಲ್ಲಿ ಒಂದು ಚದರ ಕಿಲೋಮೀಟರ್ ನೆಲವು ಈಕ್ವೆಡಾರಿಗೆ ಖಾಸಗಿ ಆಸ್ತಿಯಾಗಿ ದೊರೆಯಿತು. ಅದರ ಮೇಲಣ ಸಾರ್ವಭೌಮತ್ವ ಪೆರುವಿನಲ್ಲಿಯೇ ಉಳಿಯಿತು. ಒಡೆತನ ಬೇರೆ, ಅಧಿಕಾರ ಬೇರೆ ಎಂಬ ಈ ವಿವೇಕದಿಂದ ಒಬ್ಬರ ಕಾನೂನೂ ಇನ್ನೊಬ್ಬರ ಮಾನವೂ ಉಳಿದವು. ಅಮೆಜಾನಿನಲ್ಲಿ ನೌಕಾಸಂಚಾರದ ಹಕ್ಕು ಈಕ್ವೆಡಾರಿಗೆ ಲಭಿಸಿತು. ಗಡಿಯ ಎರಡು ಬದಿಗಳಲ್ಲೂ ಸಂರಕ್ಷಿತ ವನಗಳನ್ನು ನಿಶ್ಚಯಿಸಲಾಯಿತು. 1999ರ ಮೇ 13ರಂದು ಕೊನೆಯ ಗಡಿಕಲ್ಲು ನೆಡಲ್ಪಟ್ಟಿತು.

ಈ ವೃತ್ತಾಂತಕ್ಕೆ ಒಂದು ಕಳಂಕವೂ ಉಂಟು. ಅದನ್ನು ಮುಚ್ಚಿಡುವುದು ಸತ್ಯಕ್ಕೆ ಅಪಚಾರ. ಜಾಮೀನುದಾರರಲ್ಲಿ ಒಬ್ಬರಾದ ಅರ್ಜೆಂಟೀನಾದಿಂದ 1995ರಲ್ಲಿ ಈಕ್ವೆಡಾರಿಗೆ ಗುಟ್ಟಾಗಿ ಶಸ್ತ್ರಾಸ್ತ್ರಗಳು ಸಾಗಿದ್ದವು. ಸರ್ಕಾರಿ ಆಜ್ಞೆಯಲ್ಲಿ ಕೊಳ್ಳುವ ದೇಶ ವೆನೆಜುವೆಲಾ ಎಂದು ಬರೆದಿತ್ತು! ಅಂದಿನ ಅಧ್ಯಕ್ಷ ಕಾರ್ಲೋಸ್ ಮೆನೆಮ್ 2001ರಲ್ಲಿ ಗೃಹಬಂಧನಕ್ಕೆ ಒಳಗಾದರು. 2013ರಲ್ಲಿ ಅವರಿಗೆ ಶಿಕ್ಷೆ ವಿಧಿಸಲಾಯಿತು, ಮುಂದೆ ಮೇಲಿನ ನ್ಯಾಯಾಲಯ ಅದನ್ನು ರದ್ದುಪಡಿಸಿತು. ನ್ಯಾಯಾಲಯದ ಲೆಕ್ಕ ಏನೇ ಇರಲಿ, ಇಬ್ಬರ ನಡುವೆ ಜಾಮೀನು ನಿಂತವನ ನೆಲದಿಂದ ಒಬ್ಬನ ಕೈಗೆ ಆಯುಧ ಹೋದದ್ದು ವಿಶ್ವಾಸದ್ರೋಹವೇ ಸರಿ. ಉಳಿದ ಮೂವರು, ವಿಶೇಷವಾಗಿ ಬ್ರೆಜಿಲ್, ತಾಳ್ಮೆಯಿಂದ ನಡೆಯದಿದ್ದರೆ ಪೆರು ಈ ಮಧ್ಯಸ್ಥಿಕೆಯನ್ನು ಎಷ್ಟು ಕಾಲ ನಂಬುತ್ತಿತ್ತೆಂದು ವಾಚಕರೇ ಯೋಚಿಸಬೇಕು.

ಸಹಿ ಹಾಕಿದ ಇಬ್ಬರು ಅಧ್ಯಕ್ಷರೂ 2000ನೇ ಇಸವಿಯೊಳಗೆ ಅಧಿಕಾರ ಕಳೆದುಕೊಂಡರು. ಆದರೂ ಸಂಧಿ ಅಳಿಯಲಿಲ್ಲ. ಅಂದಿನಿಂದ ಆ ಗಡಿಯಲ್ಲಿ ಯುದ್ಧವಾಗಿಲ್ಲ. ಆದರೆ ಕೆಲವು ವಾರಗಳ ಯುದ್ಧದಲ್ಲಿ ಹುಗಿದ ನೆಲಬಾಂಬುಗಳನ್ನು ತೆಗೆಯುವ ಕೆಲಸ ಅನೇಕ ವರ್ಷ ನಡೆಯಿತು. ಆ ಕಾಡನ್ನೇ ನಂಬಿ ಬದುಕುವ ಶುವಾರ್, ಅವಾಹುನ್ ಜನರು ಆ ವರ್ಷಗಳುದ್ದಕ್ಕೂ ಭಯದಿಂದ ಹೆಜ್ಜೆಯಿಡಬೇಕಾಯಿತು. ಹಿಂಸೆಯ ಸಾಲ ಮಾಡಿದವರೊಬ್ಬರು, ತೀರಿಸುವವರು ಇನ್ನೊಬ್ಬರು. ಆದುದರಿಂದ ಇತರರ ಜಗಳದಲ್ಲಿ ನಡುವೆ ನಿಲ್ಲುವವರು, ಅದು ರಾಷ್ಟ್ರವಾಗಲಿ, ಊರ ಹಿರಿಯರಾಗಲಿ, ಮೂರು ಮಾತು ನೆನೆಯಬೇಕು: ಇಕ್ಕಟ್ಟಿನಲ್ಲಿದ್ದವನಿಂದ ಬರೆಸಿಕೊಳ್ಳಬಾರದು, ತಮ್ಮ ಕೈ ಶುದ್ಧವಿರಬೇಕು, ಕೊನೆಯ ಕಲ್ಲು ನೆಡುವವರೆಗೆ ಅಲ್ಲಿಯೇ ಇರಬೇಕು.