ಗಡಿನಾಡಿನ ಗಾನವೂ ಅದಕ್ಕೆ ಸಂದ ಮನ್ನಣೆಯೂ

೧

ಸಂಗೀತಶಾಸ್ತ್ರಕಾರರು ಗಾನವನ್ನು ಮಾರ್ಗವೆಂದೂ ದೇಶಿಯೆಂದೂ ಎರಡು ಬಗೆಯಾಗಿ ವಿಭಾಗಿಸಿದ್ದಾರೆ. ದೇವಗಿರಿಯ ಯಾದವ ಸಿಂಘಣನ (ಕ್ರಿ. ಶ. ೧೨೧೦–೧೨೪೭) ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ, ಆಯಾ ನಾಡಿನ ಜನರ ಹೃದಯವನ್ನು ಅವರವರ ರುಚಿಗನುಸಾರವಾಗಿ ರಂಜಿಸುವ ಗಾನವೇ ದೇಶಿಯೆಂದು ನಿರೂಪಿಸಿದನು. ಈ ವಿಭಾಗವು ಲಕ್ಷಣವನ್ನು ಕುರಿತದ್ದೇ ಹೊರತು ಗೌರವದ ತಾರತಮ್ಯವನ್ನು ಕುರಿತದ್ದಲ್ಲ. ಆದರೆ ವ್ಯವಹಾರದಲ್ಲಿ ಅರ್ಥವು ಬೇರೆಯಾಯಿತು. ಗುರುಪರಂಪರೆಯಿಂದ ಕಲಿತು ಸಭೆಯಲ್ಲಿ ಹಾಡುವುದು ಮಾರ್ಗವೆಂದೂ, ಬೀಸುವ ಕಲ್ಲಿನ ಮುಂದೆ, ಜಾತ್ರೆಯ ಬಯಲಿನಲ್ಲಿ, ಭಜನೆಯ ಗುಡಿಯಲ್ಲಿ ಹಾಡುವುದು ದೇಶಿಯೆಂದೂ ಜನರು ಬಗೆದರು. ಬಿರುದುಬಾವಲಿಗಳು ಮೊದಲನೆಯದರ ಪಾಲಿಗೆ ಬಂದುವು. ಎರಡನೆಯದಕ್ಕೆ ಬಹುಕಾಲ ಹೆಸರು ಸಹ ಉಳಿಯಲಿಲ್ಲ. ಮನ್ನಣೆಯ ಈ ಇತಿಹಾಸವನ್ನು ಒಂದು ಪ್ರದೇಶಕ್ಕೆ ಸೀಮಿತಗೊಳಿಸಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಆ ಪ್ರದೇಶವು ಕರ್ಣಾಟಕದ ವಾಯವ್ಯದ ಅಂಚಿನದು. ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಕೊಗನೊಳ್ಳಿಯೆಂಬ ಗ್ರಾಮವಿದೆ. ಅದನ್ನು ದಾಟಿದರೆ ಮಹಾರಾಷ್ಟ್ರದ ಕಾಗಲ. ಅದರ ಮುಂದೆ ಕೊಲ್ಲಾಪುರ. ಈಶಾನ್ಯದ ಕಡೆಗೆ ಇಚಲಕರಂಜಿ, ಕುರುಂದವಾಡ, ಮಿರಜಗಳು. ತೆಂಕಲಿಗೆ ಬೆಳಗಾವಿ, ಧಾರವಾಡಗಳು. ದೂಧಗಂಗಾ, ವೇದಗಂಗಾ, ಪಂಚಗಂಗಾ ನದಿಗಳು ಈ ನೆಲದಲ್ಲಿ ಹರಿದು ಕೃಷ್ಣೆಯನ್ನು ಸೇರುತ್ತವೆ. ೧೯೫೬ರ ರಾಜ್ಯಪುನರ್ವಿಂಗಡಣೆಯಿಂದ ಈ ನಾಡಿನ ನಡುವೆ ಆಡಳಿತದ ಗೆರೆಯೊಂದು ನಿಂತಿತು. ಹಾಡಿಗೆ ಆ ಗೆರೆಯು ಅಡ್ಡಿಯಾಗಲಿಲ್ಲವೆಂಬುದು ಮುಂದಿನ ವಿಷಯದಿಂದ ವಿದಿತವಾಗುವುದು.

೨

ಕನ್ನಡದ ಪದ್ಯಜಾತಿಗಳಲ್ಲಿ ತ್ರಿಪದಿಯು ಅತ್ಯಂತ ಪ್ರಾಚೀನವಾದವುಗಳಲ್ಲಿ ಒಂದು. ಕ್ರಿ. ಶ. ೭೦೦ರ ಸುಮಾರಿನ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಅದು ಆಗಲೇ ಪರಿಣತವಾದ ರೂಪದಲ್ಲಿ ಕಾಣುತ್ತದೆ. ಇದೇ ತ್ರಿಪದಿಯು ಬೀಸುವ ಕಲ್ಲಿನ ಪದವಾಗಿ ಉತ್ತರ ಕರ್ಣಾಟಕದ ಹೆಂಗಸರ ನಾಲಗೆಯಲ್ಲಿ ನೂರಾರು ವರ್ಷ ಬಾಳಿತು. ಗಡಿಯ ಆಚೆಯ ಮರಾಠಿ ಹೆಂಗಸರು ಅದೇ ಕೆಲಸದಲ್ಲಿ ಹಾಡುವುದು ಓವಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (ಆಳಿಕೆ ೧೧೨೬–೧೧೩೮) ತನ್ನ ‘ಮಾನಸೋಲ್ಲಾಸ’ದ ಗೀತವಿನೋದ ಪ್ರಕರಣದಲ್ಲಿ ಕಥೆಗಳಿಗೆ ಷಟ್ಪದಿಯನ್ನೂ, ವಿವಾಹಕ್ಕೆ ಧವಲವನ್ನೂ, ಉತ್ಸವಕ್ಕೆ ಮಂಗಲವನ್ನೂ ಹೇಳಿ, ಮಹಾರಾಷ್ಟ್ರದ ಸ್ತ್ರೀಯರು ಧಾನ್ಯವನ್ನು ಕುಟ್ಟುವಾಗ ಓವಿಯನ್ನು ಹಾಡುವರೆಂದು ತಿಳಿಸಿದ್ದಾನೆ. ಕನ್ನಡ ನಾಡಿನ ಚಕ್ರವರ್ತಿಯೊಬ್ಬನು ಒನಕೆಯ ಸದ್ದಿನೊಡನೆ ಹೊಮ್ಮುವ ಹಾಡನ್ನು ಸಂಸ್ಕೃತದ ಶಾಸ್ತ್ರಗ್ರಂಥದಲ್ಲಿ ದಾಖಲೆ ಮಾಡಿದುದು ಸಾಮಾನ್ಯ ಸಂಗತಿಯಲ್ಲ. ದೇಶಿಗಾನಕ್ಕೆ ಈ ಭಾಗದಲ್ಲಿ ಸಂದ ಮೊದಮೊದಲ ಮನ್ನಣೆಗಳಲ್ಲಿ ಅದನ್ನು ಎಣಿಸಬೇಕು. ಆದರೆ ಆ ಮನ್ನಣೆಯು ಹಾಡಿಗೆ ಸಂದಿತು; ಹಾಡಿದವಳಿಗೆ ಸಲ್ಲಲಿಲ್ಲ.

ಜಾತ್ರೆಯ ಹಾಡಿನ ಸ್ಥಿತಿಯೂ ಇದೇ. ರಾಯಬಾಗ ತಾಲೂಕಿನ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಎರಡೂ ರಾಜ್ಯಗಳ ಕುರಿಗಾರರು ಡೊಳ್ಳುಗಳೊಡನೆ ಬರುತ್ತಾರೆ. ಕಾಗಲದಿಂದ ದೂರವಲ್ಲದ ಪಟ್ಟಣಕೋಡೋಲಿಯ ಬೀರದೇವರ ಜಾತ್ರೆಯಲ್ಲಿಯೂ ಹಾಗೆಯೇ. ಒಂದು ಮೇಳವು ಕನ್ನಡದ ಡೊಳ್ಳಿನ ಪದಗಳಲ್ಲಿ ಹೇಳುವ ದೈವದ ಕಥೆಯನ್ನು ಮತ್ತೊಂದು ಮೇಳವು ಧನಗರ ಓವಿಯಲ್ಲಿ ಹೇಳುತ್ತದೆ. ಸವದತ್ತಿಯ ಎಲ್ಲಮ್ಮನ ಚೌಡಿಕೆಯ ಪದಗಳೂ ಎರಡು ಭಾಷೆಗಳಲ್ಲಿ ಸಂಚರಿಸುತ್ತವೆ. ಇಲ್ಲಿ ಗಾಯಕನಿಗೆ ದೊರೆಯುವ ಮನ್ನಣೆಯೆಂದರೆ ದೇವರ ಭಂಡಾರ, ಒಂದು ಹೊತ್ತಿನ ಊಟ, ಮುಂದಿನ ವರ್ಷದ ಕರೆ. ಇದು ಕಡಿಮೆಯದೆಂದು ಹೇಳಲಾಗದು. ಆದರೆ ಇತಿಹಾಸದ ಪುಟವನ್ನು ಸೇರತಕ್ಕದ್ದಲ್ಲ.

೩

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪ್ರದೇಶಕ್ಕೆ ಬಡಗಣ ಗಾಯನವು ಹೊಸದಾಗಿ ಬಂದು ನೆಲೆಸಿತು. ಇದಕ್ಕೆ ಮುಖ್ಯ ಕಾರಣರು ಬಾಲಕೃಷ್ಣಬುವಾ ಇಚಲಕರಂಜೀಕರರು (೧೮೪೯–೧೯೨೬). ಅವರು ಗ್ವಾಲಿಯರ ಪರಂಪರೆಯ ವಾಸುದೇವಬುವಾ ಜೋಶಿಯವರಲ್ಲಿ ಬಹು ಕಷ್ಟದಿಂದ ಖಯಾಲನ್ನು ಸಾಧಿಸಿ, ಹಿಂದಿರುಗಿ ಮೊದಲು ಮಿರಜದಲ್ಲಿಯೂ ಬಳಿಕ ಇಚಲಕರಂಜಿಯಲ್ಲಿಯೂ ಶಿಷ್ಯರಿಗೆ ಧಾರೆಯೆರೆದರು. ಕುರುಂದವಾಡದಲ್ಲಿ ೧೮೭೨ರಲ್ಲಿ ಜನಿಸಿ, ಬಾಲ್ಯದಲ್ಲಿಯೇ ಪಟಾಕಿಯ ಅಪಘಾತದಿಂದ ಕಣ್ಣುಗಳಿಗೆ ಕೇಡು ತಂದುಕೊಂಡ ವಿಷ್ಣು ದಿಗಂಬರ ಪಲುಸ್ಕರರು ಈ ಶಿಷ್ಯರಲ್ಲಿ ಅಗ್ರಗಣ್ಯರು.

ಪಲುಸ್ಕರರ ಜೀವನದಲ್ಲಿ ಮನ್ನಣೆಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಕಥೆಯೊಂದು ಪ್ರಚಲಿತವಾಗಿದೆ. ಮಿರಜದಲ್ಲಿ ನಡೆದ ಸಮಾರಂಭವೊಂದಕ್ಕೆ ಅವರಿಗೆ ಕರೆ ಬಂದಿತು. ಅವರ ಗುರುಗಳಿಗೆ ಬರಲಿಲ್ಲ. ಕಾರಣವನ್ನು ವಿಚಾರಿಸಲಾಗಿ, ಗುರುಗಳು ಬರಿಯ ಹಾಡುಗಾರರಲ್ಲವೇ ಎಂಬ ಭಾವದ ಉತ್ತರವು ದೊರೆಯಿತಂತೆ. ಅರಸರ ಪ್ರೀತಿಗೆ ಪಾತ್ರನಾದ ಶಿಷ್ಯನಿಗೆ ಸ್ಥಾನವುಂಟು, ವಿದ್ಯೆಯನ್ನು ಕೊಟ್ಟ ಗುರುವಿಗೆ ಇಲ್ಲ ಎಂಬ ಈ ಅವಮಾನವು ಅವರನ್ನು ಮಿರಜದಿಂದ ಹೊರಡಿಸಿತೆಂದು ಹೇಳುವರು. ಕಥೆಯ ವಿವರಗಳು ಹೇಗೇ ಇರಲಿ, ಅದರ ಫಲವು ಇತಿಹಾಸಸಿದ್ಧ. ೧೯೦೧ನೆಯ ಮೇ ೫ರಂದು ಅವರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. ಅರಸರ ಕೃಪೆಯನ್ನಲ್ಲದೆ ಜನರ ಸಹಾಯವನ್ನು ಆಧಾರವಾಗಿಟ್ಟುಕೊಂಡು ಸಂಗೀತಶಿಕ್ಷಣವನ್ನು ನಡೆಯಿಸಿದ ಸಂಸ್ಥೆಗಳಲ್ಲಿ ಅದು ಅಗ್ರಸ್ಥಾನದಲ್ಲಿದೆ. ಗಾಯಕನಿಗೆ ಗೌರವವು ಬರಬೇಕಾದರೆ ಮೊದಲು ವಿದ್ಯೆಗೂ ಗುರುವಿಗೂ ಬರಬೇಕೆಂಬುದು ಅವರ ಜೀವನದ ತತ್ತ್ವವಾಯಿತು. ೧೯೩೧ರಲ್ಲಿ ಅವರು ದೇಹವಿಟ್ಟುದು ಅದೇ ಮಿರಜದಲ್ಲಿ.

ಇತ್ತ ಕಾಗಲದ ಘಾಟಗೆ ಮನೆತನದಲ್ಲಿ ೧೮೭೪ರಲ್ಲಿ ಹುಟ್ಟಿ ಕೊಲ್ಲಾಪುರದ ಸಿಂಹಾಸನವನ್ನೇರಿದ ಶಾಹು ಮಹಾರಾಜರು ೧೮೯೫ರ ಸುಮಾರಿಗೆ ಅಲ್ಲಾದಿಯಾ ಖಾನರನ್ನು (೧೮೫೫–೧೯೪೬) ಆಸ್ಥಾನಗಾಯಕರನ್ನಾಗಿ ನೇಮಿಸಿಕೊಂಡರು. ಜಯಪುರ-ಅತ್ರೌಲಿ ಪರಂಪರೆಯೆಂದು ಹೆಸರಾದ ಗಾಯನವು ಹೀಗೆ ಕೊಲ್ಲಾಪುರದಲ್ಲಿ ಬೇರುಬಿಟ್ಟಿತು. ಮಿರಜದಲ್ಲಿ ಕಿರಾನಾ ಪರಂಪರೆಯ ಅಬ್ದುಲ್ ಕರೀಂ ಖಾನರು (೧೮೭೨–೧೯೩೭) ನೆಲೆಸಿದರು. ಮೈಸೂರಿನ ಅರಮನೆಯು ಅವರಿಗೆ ‘ಸಂಗೀತರತ್ನ’ ಬಿರುದನ್ನಿತ್ತಿತು. ಅವರ ಸಮಾಧಿಯು ಮಿರಜದ ಮೀರಾಸಾಹೇಬರ ದರ್ಗಾದ ಆವರಣದಲ್ಲಿದ್ದು, ಪ್ರತಿವರ್ಷವೂ ಅಲ್ಲಿ ಗಾಯಕರು ನಾದಸೇವೆಯನ್ನು ಸಲ್ಲಿಸುತ್ತಾರೆ.

ಇದೇ ಮಿರಜದಲ್ಲಿ ಆಯುಧಗಳಿಗೆ ಸಾಣೆಹಿಡಿಯುತ್ತಿದ್ದ ಶಿಕಲಗಾರ ಕುಲದವರು ಹತ್ತೊಂಬತ್ತನೆಯ ಶತಮಾನದಲ್ಲಿ ತಂಬೂರಿ, ಸಿತಾರಗಳನ್ನು ಕಟ್ಟಲು ತೊಡಗಿದರು. ಪಂಢರಪುರದ ಕಡೆಯ ಒಣಗಿದ ಸೋರೆಬುರುಡೆಗೆ ಮರದ ದಂಡಿಯನ್ನು ಜೋಡಿಸಿ, ಕುದುರೆಯ ಮೇಲೆ ತಂತಿಗೆ ಜೀವಾಳವನ್ನು ಕೂಡಿಸುವ ಅವರ ಕೈಚಳಕವಿಲ್ಲದೆ ಯಾವ ಗಾಯಕನ ಷಡ್ಜವೂ ನಿಲ್ಲದು. ಆದರೂ ಮಿರಜದ ತಂಬೂರಿ-ಸಿತಾರಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆತುದು ೨೦೨೪ರಲ್ಲಿ. ಗಾಯಕನ ಕೀರ್ತಿಗೂ ವಾದ್ಯಕಾರನ ಕೀರ್ತಿಗೂ ನಡುವಣ ಅಂತರವನ್ನು ಈ ವಿಳಂಬವೇ ಸೂಚಿಸುತ್ತದೆ.

೪

ಮಿರಜ-ಕೊಲ್ಲಾಪುರಗಳಲ್ಲಿ ನೆಲೆಸಿದ ವಿದ್ಯೆಯನ್ನು ಕನ್ನಡಿಗರು ಬಹು ಶ್ರದ್ಧೆಯಿಂದ ಸ್ವೀಕರಿಸಿದರು. ಬಾಲಕೃಷ್ಣಬುವಾರ ಶಿಷ್ಯರಾದ ನೀಲಕಂಠಬುವಾ ಮಿರಜಕರರು ಕನ್ನಡಿಗರೇ. ಅವರಲ್ಲಿ ಕಲಿತವರು ಇಬ್ಬರು ಮಹನೀಯರು. ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಹಾನಗಲ್ಲ ಕುಮಾರಸ್ವಾಮಿಗಳ ಪೋಷಣೆಯಿಂದ ಬೆಳೆದು, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಅನ್ನವನ್ನೂ ಸ್ವರವನ್ನೂ ಕೂಡಿಯೇ ಬಡಿಸಿದರು. ಅವರ ಉತ್ತರಾಧಿಕಾರಿಗಳಾದ ಪುಟ್ಟರಾಜ ಗವಾಯಿಗಳಿಗೆ (೧೯೧೪–೨೦೧೦) ೨೦೧೦ರಲ್ಲಿ ಪದ್ಮಭೂಷಣವು ಸಂದಿತು. ಮತ್ತೊಬ್ಬರು ಧಾರವಾಡದ ಬಳಿಯ ಮನಸೂರಿನ ಮಲ್ಲಿಕಾರ್ಜುನರು (೧೯೧೦–೧೯೯೨). ನಾಟಕದ ಮೇಳದಲ್ಲಿದ್ದ ಬಾಲಕನ ಕಂಠವನ್ನು ಕೇಳಿ ನೀಲಕಂಠಬುವಾರು ಮಿರಜಕ್ಕೆ ಕರೆದೊಯ್ದರು. ಬಳಿಕ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀ ಖಾನರಲ್ಲಿಯೂ, ೧೯೩೭ರಲ್ಲಿ ಅವರು ತೀರಿಕೊಂಡ ತರುವಾಯ ಬೂರ್ಜೀ ಖಾನರಲ್ಲಿಯೂ ಅವರು ಶಿಷ್ಯವೃತ್ತಿ ಮಾಡಿದರು. ಅಪೂರ್ವರಾಗಗಳ ನಿಧಿಯೆನಿಸಿದ ಆ ಪರಂಪರೆಯ ಕಂಠದಲ್ಲಿ ಕನ್ನಡದ ವಚನಗಳು ಮೊಳಗಿದುದು ಮನಸೂರರಿಂದ. ೧೯೭೦ರಲ್ಲಿ ಪದ್ಮಶ್ರೀ, ೧೯೭೬ರಲ್ಲಿ ಪದ್ಮಭೂಷಣ, ೧೯೯೨ರಲ್ಲಿ ಪದ್ಮವಿಭೂಷಣ ಅವರಿಗೆ ದೊರೆತುವು.

ಅಬ್ದುಲ್ ಕರೀಂ ಖಾನರ ಶಿಷ್ಯರಾದ ಕುಂದಗೋಳದ ರಾಮಭಾವೂ (೧೮೮೬–೧೯೫೨) ನಾಟಕರಂಗದ ದಿನಗಳಲ್ಲಿ ‘ಸವಾಯಿ ಗಂಧರ್ವ’ರೆನಿಸಿದರು. ಸವಾಯಿಯೆಂದರೆ ಒಂದೂಕಾಲು, ಗಂಧರ್ವನಿಗಿಂತ ಕಾಲುಪಾಲು ಮಿಗಿಲೆಂಬುದು ಭಾವ. ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರು (೧೯೧೩–೨೦೦೯) ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ವಿದ್ಯೆಯನ್ನು ಸಾಧಿಸಿದರು. ಹಾಡುವ ಹೆಂಗಸನ್ನು ಸಮಾಜವು ಹಳಿಯುತ್ತಿದ್ದ ಕಾಲದಲ್ಲಿ ಬೆಳೆದ ಅವರಿಗೆ ೨೦೦೨ರಲ್ಲಿ ಪದ್ಮವಿಭೂಷಣವು ದೊರೆತುದು ಕೇವಲ ವ್ಯಕ್ತಿಗೌರವವಲ್ಲ, ಹಳೆಯ ಅನ್ಯಾಯವೊಂದಕ್ಕೆ ಸಂದ ಪರಿಹಾರ. ಇನ್ನೊಬ್ಬ ಶಿಷ್ಯರಾದ ಭೀಮಸೇನ ಜೋಶಿಯವರು (೧೯೨೨–೨೦೧೧) ಗುರುವಿನ ಸ್ಮರಣಾರ್ಥವಾಗಿ ಪುಣೆಯಲ್ಲಿ ೧೯೫೩ರಲ್ಲಿ ಆರಂಭವಾದ ಸಂಗೀತೋತ್ಸವವನ್ನು ಬೆಳೆಸಿದರು. ದಾಸವಾಣಿಯನ್ನೂ ಸಂತವಾಣಿಯನ್ನೂ, ಎಂದರೆ ಪುರಂದರದಾಸರನ್ನೂ ತುಕಾರಾಮರನ್ನೂ, ಒಂದೇ ಭಕ್ತಿಯಿಂದ ಹಾಡಿ ಗಡಿಯ ಎರಡು ಕಡೆಯವರಿಗೂ ಬೇಕಾದರು. ೨೦೦೮ರಲ್ಲಿ ಅವರಿಗೆ ಭಾರತರತ್ನವು ಘೋಷಿತವಾಯಿತು.

ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ ೧೯೨೪ರಲ್ಲಿ ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಬಾಲ್ಯದಲ್ಲಿ ದೊರೆತ ‘ಕುಮಾರ ಗಂಧರ್ವ’ ಎಂಬ ಬಿರುದೇ ಅವರಿಗೆ ಹೆಸರಾಗಿ ನಿಂತಿತು. ಕ್ಷಯರೋಗದಿಂದ ಮಾಲವದ ದೇವಾಸದಲ್ಲಿ ಹಲವು ವರ್ಷ ಹಾಡಲಾಗದೆ ಮಲಗಿದ್ದಾಗ ಅವರ ಕಿವಿಗೆ ಬಿದ್ದುದು ಹಳ್ಳಿಗರ ಪದಗಳು. ಗುಣಮುಖರಾದ ಬಳಿಕ ಅವುಗಳ ಧಾಟಿಗಳನ್ನು ಶೋಧಿಸಿ ಅವರು ಹೊಸ ರಾಗಗಳನ್ನು ರೂಪಿಸಿದರು; ೧೯೬೫ರಲ್ಲಿ ‘ಅನೂಪರಾಗವಿಲಾಸ’ವನ್ನು ಪ್ರಕಟಿಸಿದರು. ರಾಗದ ಮೂಲವು ಜನರ ಹಾಡಿನಲ್ಲಿದೆಯೆಂದು ಅವರು ಕಂಠದಿಂದಲೇ ಸಾಧಿಸಿ ತೋರಿಸಿದರು. ಶಾರ್ಙ್ಗದೇವನ ಲಕ್ಷಣವನ್ನು ಕಟ್ಟುನಿಟ್ಟಾಗಿ ಅನ್ವಯಿಸಿದರೂ ಇದೇ ಸಿದ್ಧಿಸುತ್ತದೆ. ಬ್ರಹ್ಮಾದಿಗಳು ಕಂಡು ಭರತಾದಿಗಳು ಪ್ರಯೋಗಿಸಿದ ಗಾನವು ಮಾತ್ರ ಅವನಿಗೆ ಮಾರ್ಗ, ಉಳಿದುದೆಲ್ಲವೂ ದೇಶಿ. ಆದಕಾರಣ ಗ್ವಾಲಿಯರದ ಖಯಾಲೂ ದೇಶಿಯೇ, ಗರತಿಯ ತ್ರಿಪದಿಯೂ ದೇಶಿಯೇ. ಒಂದಕ್ಕೆ ರತ್ನಕಂಬಳಿ, ಮತ್ತೊಂದಕ್ಕೆ ಮರೆವು ಎಂಬುದಕ್ಕೆ ಶಾಸ್ತ್ರದ ಆಧಾರವಿಲ್ಲ.

೫

ಕನ್ನಡದಲ್ಲಿ ಈ ಮರೆವನ್ನು ನೀಗಲು ತೊಡಗಿದವರಲ್ಲಿ ಅಂದಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು ಮುಖ್ಯರು. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಕೂಡಿದ ಈ ಬಳಗವು ‘ಗರತಿಯ ಹಾಡು’ (೧೯೩೧), ‘ಜೀವನ ಸಂಗೀತ’ (೧೯೩೩), ‘ಮಲ್ಲಿಗೆ ದಂಡೆ’ (೧೯೩೫) ಎಂಬ ಸಂಕಲನಗಳನ್ನು ನಾಡಿಗಿತ್ತಿತು. ಗಡಿಯಾಚೆ ಹೇಮಾ ರಾಯಿರಕರ, ಗೀ ಪ್ವಾತವಾಂ ಎಂಬವರ ಪರಿಶ್ರಮದಿಂದ ಒಂದು ಲಕ್ಷಕ್ಕೆ ಮಿಕ್ಕ ಓವಿಗಳು ಸಂಗ್ರಹವಾದುವು. ಅಲ್ಲಿ ಹಾಡಿದವರ ಹೆಸರು, ಊರುಗಳನ್ನೂ ಗುರುತಿಸಿಟ್ಟುದು ಗಮನಾರ್ಹ. ಹಿಟ್ಟಿನ ಗಿರಣಿಯು ಊರೂರಿಗೆ ಬಂದ ಮೇಲೆ ಬೀಸುವ ಕಲ್ಲು ನಿಂತಿತು. ಕಲ್ಲಿನೊಡನೆ ಹಾಡಿನ ಹೊತ್ತೂ ಹೋಯಿತು. ಹೊತ್ತು ಹೋದ ಹಾಡು ನೆನಪಿನಲ್ಲಿ ಮಾತ್ರ ಉಳಿಯುವುದು; ನೆನಪು ಒಂದು ತಲೆಮಾರಿನ ಆಯುಷ್ಯದ್ದು.

ಸರಕಾರದ ಮನ್ನಣೆಯೂ ಇತ್ತೀಚೆಗೆ ಈ ಕಡೆ ತಿರುಗಿದೆ. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ ೨೦೧೭ರಲ್ಲಿಯೂ, ಎಲ್ಲಮ್ಮನ ಜೋಗತಿ ಪರಂಪರೆಯ ಮಂಜಮ್ಮ ಜೋಗತಿಯವರಿಗೆ ೨೦೨೧ರಲ್ಲಿಯೂ, ಬಾಗಲಕೋಟೆಯ ಗೊಂದಲಿ ಹಾಡುಗಾರರಾದ ವೆಂಕಪ್ಪ ಅಂಬಾಜಿ ಸುಗತೇಕರರಿಗೆ ೨೦೨೫ರಲ್ಲಿಯೂ ಪದ್ಮಶ್ರೀ ಸಂದಿತು. ಗೊಂದಲವು ತುಳಜಾಪುರದ ಭವಾನಿಯ ಸೇವೆ. ಕನ್ನಡ-ಮರಾಠಿಗಳೆರಡಕ್ಕೂ ಸೇರಿದ ವಿದ್ಯೆ. ಆದುದರಿಂದ ಆ ಗೌರವವು ಗಡಿನಾಡಿಗೆಲ್ಲ ಸಂದಂತಾಯಿತು. ಸುಕ್ರಿಯವರು ೨೦೨೫ರಲ್ಲಿ ನಿಧನರಾದರು. ವೃದ್ಧಾಪ್ಯದಲ್ಲಿ ಬರುವ ಪದಕವು ಹಾಡುಗಾರ್ತಿಯನ್ನು ಅಲಂಕರಿಸಬಲ್ಲುದು. ಹಾಡನ್ನು ಮೊಮ್ಮಕ್ಕಳ ಬಾಯಿಗೆ ದಾಟಿಸುವ ಶಕ್ತಿ ಅದಕ್ಕಿಲ್ಲ.

ಈ ಪ್ರಶ್ನೆಯನ್ನು ಅನ್ಯದೇಶದವರೂ ಎದುರಿಸಿದ್ದಾರೆ. ಸ್ಕಾಟ್ಲೆಂಡಿನ ಪಡುವಣ ದ್ವೀಪಗಳಲ್ಲಿ ಗೇಲಿಕ್ ಭಾಷೆಯ ಹೆಂಗಸರು ನೆಯ್ದ ಉಣ್ಣೆಯ ಬಟ್ಟೆಯನ್ನು ಹಲಗೆಯ ಮೇಲೆ ಬಡಿದು ಹದಗೊಳಿಸುವಾಗ ಒಬ್ಬಳು ನುಡಿಯನ್ನೆತ್ತಿ ಉಳಿದವರು ಪಲ್ಲವಿ ಹಿಡಿಯುವ ಹಾಡುಗಳಿದ್ದುವು. ಯಂತ್ರವು ಅಲ್ಲಿಯೂ ಕೆಲಸವನ್ನು ಕಸಿದುಕೊಂಡಿತು. ಆ ಭಾಷೆಯ ಅಭಿಮಾನಿಗಳು ೧೮೯೧ರಲ್ಲಿ ಓಬನ್ ಪಟ್ಟಣದಲ್ಲಿ ಸಂಘವೊಂದನ್ನು ಕಟ್ಟಿ, ಮರುವರ್ಷವೇ ‘ಮೋಡ್’ ಎಂಬ ಗಾನಸ್ಪರ್ಧೆಯ ಉತ್ಸವವನ್ನು ಆರಂಭಿಸಿದರು. ೧೯೫೧ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಸ್ಥಾಪಿತವಾದ ಅಧ್ಯಯನಶಾಲೆಯು ಹಳ್ಳಿಹಳ್ಳಿಯ ಕಂಠಗಳನ್ನು ಧ್ವನಿಮುದ್ರಿಸಿತು. ೨೦೦೩ರಿಂದ ಅಲ್ಲಿನ ಸಾಂಪ್ರದಾಯಿಕ ಸಂಗೀತಕ್ಕೆ ವಾರ್ಷಿಕ ಪ್ರಶಸ್ತಿಗಳು ಏರ್ಪಟ್ಟಿವೆ. ಅವು ಗೇಲಿಕ್ ಗಾಯಕರಿಗೆ ಮಾತ್ರವಲ್ಲದೆ, ಕಲಿಸುವ ಉಪಾಧ್ಯಾಯರಿಗೂ, ಊರವರು ಕೂಡಿ ನಡೆಯಿಸುವ ಕಾರ್ಯಗಳಿಗೂ, ಹಾಡಿಗೆ ಎಡೆಗೊಡುವ ಸಭಾಂಗಣಗಳಿಗೂ ಸಲ್ಲುತ್ತವೆ. ಪ್ರಶಸ್ತಿಯು ಕಂಠಕ್ಕೆ ಮಾತ್ರವಲ್ಲದೆ, ಕಂಠವನ್ನು ಬೆಳೆಸುವ ನೆಲಕ್ಕೂ ಸಲ್ಲಬೇಕೆಂಬ ವಿವೇಕ ಇದರಲ್ಲಿದೆ.

ಕನ್ನಡ ನಾಡಿಗೆ ಈ ವಿವೇಕವು ಹೊಸದಲ್ಲ. ಗುರುವಿನ ಅವಮಾನವನ್ನು ಸಹಿಸದೆ ಶಾಲೆಯನ್ನು ಕಟ್ಟಿದ ಪಲುಸ್ಕರರೂ, ಅನ್ನದೊಡನೆ ಸ್ವರವನ್ನು ಹಂಚಿದ ಗವಾಯಿಗಳೂ, ಗುರುವಿನ ಹೆಸರಿನ ಉತ್ಸವವನ್ನು ಬೆಳೆಸಿದ ಜೋಶಿಯವರೂ ಆಚರಿಸಿದ ಧರ್ಮವೇ ಇದು. ಖಯಾಲಿನ ವಿಷಯದಲ್ಲಿ ಅದು ಫಲಿಸಿತೆಂಬುದಕ್ಕೆ ಕಾಗಲದಿಂದ ಧಾರವಾಡದವರೆಗಿನ ನೂರು ವರ್ಷಗಳ ಚರಿತ್ರೆಯು ಸಾಕ್ಷಿ. ತ್ರಿಪದಿಗೂ ಡೊಳ್ಳಿನ ಪದಕ್ಕೂ ಚೌಡಿಕೆಗೂ ಅದೇ ಧರ್ಮವು ಸಲ್ಲಬೇಕಾಗಿದೆ. ಹಾಡಿಸುವ ಶಾಲೆ, ಕಲಿಸುವ ಹಿರಿಯರಿಗೆ ಜೀವನಾಧಾರ, ವಾದ್ಯ ಕಟ್ಟುವವರಿಗೆ ಮರ್ಯಾದೆ, ಗಡಿಯ ಎರಡು ಕಡೆಯ ವಿದ್ವಾಂಸರೂ ಕೂಡಿ ನಡೆಯಿಸುವ ಸಂಗ್ರಹ—ಇವು ಒದಗಿದರೆ ಪದಕವು ಹಾಡಿನ ಬಾಳಿಗೆ ಒದಗಿದ ಕಾಣಿಕೆಯಾಗುವುದು. ಒದಗದಿದ್ದರೆ ಹಾಡಿನ ನೆನಪಿಗೆ ನೆಟ್ಟ ವೀರಗಲ್ಲಾಗುವುದು. ಚಾಲುಕ್ಯ ಚಕ್ರವರ್ತಿಯು ಒನಕೆಯ ಹಾಡನ್ನು ಗ್ರಂಥದಲ್ಲಿ ಬರೆದಿಟ್ಟು ಒಂಬತ್ತು ನೂರು ವರ್ಷಗಳಾಗುತ್ತ ಬಂದುವು. ಹಾಡಿದವಳ ಋಣವನ್ನು ತೀರಿಸುವ ಕಾರ್ಯವು ವಿದ್ವಜ್ಜನರ ಮುಂದೆ ಇನ್ನೂ ಉಳಿದಿದೆ.