ಕುದುರೆ ಬಾಲಕ್ಕೂ ದುಡ್ಡು ಕೊಟ್ಟ ಸೀಮೆಯಲ್ಲಿ ಕುದುರೆ ಮಾತುಗಳು

ನಮ್ಮ ಆಫೀಸಿನ ಮೀಟಿಂಗುಗಳಲ್ಲಿ ಕುದುರೆಗಳದ್ದೇ ಕಾರುಬಾರು. ಅವಸರ ಪಟ್ಟರೆ "ಹೋಲ್ಡ್ ಯುವರ್ ಹಾರ್ಸಸ್" ಅಂತಾರೆ. ಮುಗಿದ ವಿಷಯ ಮತ್ತೆ ಎತ್ತಿದರೆ ಸತ್ತ ಕುದುರೆಗೆ ಚಾಟಿ ಬೀಸಬೇಡ ಅಂತಾರೆ. ಸರ್ವರ್ ಬಿದ್ದ ಮೇಲೆ ಬ್ಯಾಕಪ್ ಬಗ್ಗೆ ಮಾತಾಡಿದರೆ, ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಹಾಕಿದ ಹಾಗಂತೆ. ತಮಾಷೆ ಅಂದ್ರೆ ಅಲ್ಲಿ ಕೂತವರಲ್ಲಿ ಒಬ್ಬರೂ ಕುದುರೆ ಸಾಕಿದವರಲ್ಲ, ನನ್ನನ್ನೂ ಸೇರಿಸಿ :)

ಇದೇ ಅರ್ಥಕ್ಕೆ ಕನ್ನಡದಲ್ಲಿ ಏನಿದೆ ಅಂತ ಹುಡುಕಿದೆ. ಮಾತುಗಳು ಸಿಕ್ಕವು, ಕುದುರೆ ಮಾತ್ರ ಮಾಯ! ದಾನ ಬಂದ ಕುದುರೆಯ ಬಾಯಿ ತೆರೆದು ನೋಡಬೇಡ ಅನ್ನುತ್ತೆ ಇಂಗ್ಲಿಷು. ಹಲ್ಲು ನೋಡಿದರೆ ಕುದುರೆಯ ವಯಸ್ಸು ಗೊತ್ತಾಗುತ್ತೆ, ಅದಕ್ಕೆ. ನಮ್ಮವರದು "ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ". ಲಾಯದ ಬಾಗಿಲಿಗೆ ನಮ್ಮದು "ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು".

ಹಾಗಂತ ನಮ್ಮಲ್ಲಿ ಕುದುರೆ ಗಾದೆ ಇಲ್ಲವೆಂದಲ್ಲ. "ಅರಸನ ಕುದುರೆ ಲಾಯದಲ್ಲೇ ಮುಪ್ಪಾಯ್ತು" (ಬೆಂಚ್ ಮೇಲೆ ಕೂತ ಇಂಜಿನಿಯರುಗಳಿಗೆ ಅರ್ಪಣೆ). "ಕುದುರೆ ಕಂಡರೆ ಕಾಲುನೋವು". ಸಿಗದೇ ಇರೋದಕ್ಕೆ "ಕುದುರೆ ಕೊಂಬು". ಗಮನಿಸಿದ್ರಾ? ಇಲ್ಲೆಲ್ಲ ಕುದುರೆ ನಮ್ಮದಲ್ಲ. ಒಂದೋ ಅರಸನದು, ಇಲ್ಲಾ ದಾರಿಯಲ್ಲಿ ಕಂಡ ಯಾರದೋ, ಇಲ್ಲಾ ಇಲ್ಲವೇ ಇಲ್ಲ. ಮನೆಯ ಪ್ರಾಣಿ ಬೇಕಾದಾಗ ನಾವು ಎತ್ತನ್ನು ಕರೆಯುತ್ತೇವೆ. "ಎತ್ತು ಏರಿಗೆಳೀತು, ಕೋಣ ನೀರಿಗೆಳೀತು".

ಇದಕ್ಕೆ ಕಾರಣ ಇತಿಹಾಸದಲ್ಲಿದೆ ಅನ್ನಿಸುತ್ತೆ. ಇಂಗ್ಲೆಂಡಿನಲ್ಲಿ ಇಪ್ಪತ್ತನೇ ಶತಮಾನದವರೆಗೂ ಕುದುರೆ ಹೊಲ ಉಳುತ್ತಿತ್ತು. ಕುಷ್ಟಗಿ, ಯಲಬುರ್ಗಾದ ಹೊಲಗಳಲ್ಲಿ ಉತ್ತಿದ್ದು ಎತ್ತು. ಕುದುರೆ ಏನಿದ್ದರೂ ಯುದ್ಧದ ಸರಕು, ಅದೂ ಹಡಗಿನಲ್ಲಿ ಬಂದದ್ದು. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ ಹೊಳೆ ದಾಟಿದರೆ ವಿಜಯನಗರ. ಹೊರ್ಮುಜ್, ಏಡನ್ ಕಡೆಯಿಂದ ಭಟ್ಕಳ, ಗೋವೆಗೆ ಬಂದಿಳಿದ ಕುದುರೆಗಳು ಘಟ್ಟ ಹತ್ತಿ ಇಲ್ಲಿಗೆ ಬರುತ್ತಿದ್ದವು. 1530ರ ದಶಕದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಂತೆ, ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು. ಸಾಳುವ ನರಸಿಂಹನಂತೂ ಬದುಕಿದ್ದರೂ ಸತ್ತಿದ್ದರೂ ಸಾವಿರ ಪರದಾವೋಗೆ ಮೂರರಂತೆ ಕೊಂಡನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು, ಪೂರ್ತಿ ದುಡ್ಡು! ಅಲ್ಲಿ ಹಲ್ಲು ನೋಡಬೇಡ ಅಂತ ಗಾದೆ, ಇಲ್ಲಿ ಹಲ್ಲೇ ಇಲ್ಲದ ಬಾಲಕ್ಕೆ ಬೆಲೆ.

ರಾಯರದು ಹುಚ್ಚಲ್ಲ, ಲೆಕ್ಕಾಚಾರ. ಬಾಲಕ್ಕೂ ದುಡ್ಡು ಸಿಗುತ್ತೆ ಅಂದರೆ ವ್ಯಾಪಾರಿ ಧೈರ್ಯವಾಗಿ ಹಡಗು ತುಂಬುತ್ತಾನೆ. ಒಂಥರಾ ಇನ್ಶೂರೆನ್ಸ್. ಆದರೆ ಕಂತು ಕಟ್ಟಿದವರು ಯಾರು? ಬಂದರಿನ ಸುಂಕದ ಜೊತೆಗೆ ಬೊಕ್ಕಸ ತುಂಬಿದ್ದು ಎತ್ತು ಹೂಡಿದವನ ಕಂದಾಯ.

ಇದೇ ಕುದುರೆ ವ್ಯವಹಾರ ಯುದ್ಧಕ್ಕೂ ನೆಪವಾಯ್ತು. ಗೋವೆಯಲ್ಲಿ ಕುದುರೆ ಕೊಂಡು ತಾ ಅಂತ ಕೃಷ್ಣದೇವರಾಯ ಸಿದಿ ಮರ್ಕಾರ್ ಎಂಬ ವ್ಯಾಪಾರಿಗೆ 40,000 ಪರದಾವೋ ಕೊಟ್ಟು ಕಳಿಸಿದ. ಅವನು ದುಡ್ಡಿನ ಸಮೇತ ಆದಿಲ್‌ಶಾಹಿ ಸೀಮೆಗೆ ಓಡಿಹೋದ. ಕೇಳಿದರೂ ವಾಪಸ್ ಒಪ್ಪಿಸಲಿಲ್ಲ. 1520ರ ರಾಯಚೂರು ಯುದ್ಧಕ್ಕೆ ನೂನಿಜ್ ಕೊಡುವ ನೆಪ ಇದು. ಕೃಷ್ಣೆ ತುಂಗಭದ್ರೆಯರ ನಡುವಿನ ಈ ದೋಆಬ್ ಯಾರದು ಎಂಬ ಹಳೇ ಜಗಳ ಹಿಂದೆ ಇದ್ದೇ ಇತ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಇರೋದು ಆ ದೋಆಬ್‌ನಲ್ಲೇ. ಎರಡೂ ಕಡೆಯ ಕುದುರೆಗಳಿಗಾಗಿ ಬಡಿದಾಡಿದ ಈ ನೆಲದಲ್ಲಿ, ಲಾಯದ ಬಾಗಿಲಿಗಿಂತ ಕೋಟೆ ಬಾಗಿಲಿನ ಗಾದೆಯೇ ಸರಿಯಾಗಿ ಕೂರುತ್ತೆ. ಮುಂದೆ 1547ರಲ್ಲಿ ಪೋರ್ಚುಗೀಸರ ಜೊತೆ ಒಪ್ಪಂದವೇ ಆಯ್ತು: ಗೋವೆಯ ಕುದುರೆ ವಿಜಯನಗರಕ್ಕೆ ಮಾತ್ರ, ಬಿಜಾಪುರಕ್ಕಿಲ್ಲ.

ಅದೆಲ್ಲ ಕಲ್ಲಿನಲ್ಲಿದೆ. ಹಜಾರರಾಮ ದೇವಸ್ಥಾನದ ಗೋಡೆಯಲ್ಲಿ ಕುದುರೆ ಹಿಡಿದು ನಡೆಯುವ ಸಾಲು ನೋಡಿ. ವಿಠ್ಠಲ ದೇವಸ್ಥಾನದ ತೇರುಬೀದಿಯಲ್ಲಿ ಕುದುರೆಗೊಂಬೆ ಮಂಟಪವೇ ಇದೆ. ಮಾತಿನಲ್ಲೂ ಇದೆ. ಲಗಾಮು, ಜೀನು, ಸವಾರ ಎಲ್ಲ ಪಾರ್ಸಿ ಮೂಲದವು, ಕುದುರೆಯಂತೆಯೇ ಹೊರಗಿಂದ ಬಂದವು. ಕಡಿವಾಣ, ನಾಗಾಲೋಟ ನಮ್ಮವು. ನಾಲ್ಕು ಕಾಲಿನ ಓಟವೇ ನಾಗಾಲೋಟ. ಇವತ್ತು ಪೇಪರಿನಲ್ಲಿ ಬೆಲೆ ನಾಗಾಲೋಟದಲ್ಲಿ ಓಡುತ್ತೆ, ಸರ್ಕಾರ ಕಡಿವಾಣ ಹಾಕುತ್ತೆ.

ನನಗೆ ಬೇಜಾರಾಗೋದು ಒಂದಕ್ಕೆ. 2019ರಲ್ಲಿ ಸಮ್ಮಿಶ್ರ ಸರ್ಕಾರ ಬೀಳುವಾಗ ಟೀವಿ ತುಂಬ "ಕುದುರೆ ವ್ಯಾಪಾರ". ಅದು ಇಂಗ್ಲಿಷಿನ ಹಾರ್ಸ್ ಟ್ರೇಡಿಂಗಿನ ತರ್ಜುಮೆ. ನೂರಾರು ವರ್ಷ ನಿಜವಾಗಿ ಕುದುರೆ ವ್ಯಾಪಾರ ನಡೆದ ನೆಲಕ್ಕೆ ಆ ಮಾತು ಸಾಲವಾಗಿ ಬರಬೇಕಾಯ್ತಲ್ಲ!

ಯಲಬುರ್ಗಾ ಸೀಮೆಯಲ್ಲಿ ಕುದರಿಮೋತಿ ಅಂತ ಊರಿದೆ. ನಮ್ಮ ಕಡೆ ಕುದರಿ ಅಂದ್ರೆ ಕುದುರೆ, ಮೋತಿ ಅಂದ್ರೆ ಮುಖ. ಇಂಗ್ಲಿಷರು ಖಚಿತ ಸುದ್ದಿಗೆ ಕುದುರೆ ಬಾಯಿಂದಲೇ ಬಂತು ಅಂತಾರೆ. ನಮಗೆ ಆ ಸುದ್ದಿ ಗೊತ್ತಿರೋದು ಊರ ಹಿರಿಯರಿಗೆ. ನಿಮ್ಮ ಸೀಮೆಯ ಅಜ್ಜ ಅಜ್ಜಿಯರ ಬಾಯಲ್ಲಿ ಬೇರೆ ಕುದುರೆ ಗಾದೆ ಇದ್ದರೆ ಕೇಳಿ ಬರೆದಿಡಿ, ಇಲ್ಲೂ ಹೇಳಿ. ಆಮೇಲೆ ಹುಡುಕಿದರೆ ಬಾಲವೂ ಸಿಗಲಿಕ್ಕಿಲ್ಲ.