ಹದಿನೈದು ರೂಪಾಯಿಯ ಸೈಕಲ್ ಪಾಠ

ಅಥಣಿ ಸೀಮೆಯಲ್ಲಿ ಜಾತ್ರೆಯೆಂದರೆ ತೇರು, ಪಲ್ಲಕ್ಕಿ, ಬಯಲಾಟಗಳ ಜೊತೆಗೆ ಶರ್ಯತ್ತೂ ಇರಬೇಕು. ಎತ್ತಿನ ಗಾಡಿ, ಕುದುರೆ ಗಾಡಿ, ಕಲ್ಲು ಎತ್ತುವ ಪಂದ್ಯಗಳ ಸಾಲಿನಲ್ಲಿ ಸೈಕಲ್ ಶರ್ಯತ್ತಿಗೂ ಒಂದು ಜಾಗವುಂಟು. ನಿನ್ನೆಯವರೆಗೆ ಹಾಲಿನ ಕ್ಯಾನು, ಮೇವಿನ ಹೊರೆ ಹೊತ್ತು ತಿರುಗಿದ ಸಾದಾ ಸೈಕಲ್ಲಿನ ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡುಗಳನ್ನು ಬಿಚ್ಚಿಟ್ಟು ಹುಡುಗರು ಓಟಕ್ಕೆ ನಿಲ್ಲುತ್ತಾರೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಮೇಲಿಂದ ಮೇಲೆ ಬಂದಿರುವುದಕ್ಕೆ ಈ ಜಾತ್ರೆಗಳಿಗೂ ಸ್ವಲ್ಪ ಶ್ರೇಯಸ್ಸು ಸಲ್ಲಬೇಕು.

ಇಂಥ ಹುಡುಗನೊಬ್ಬ ವಿಜಯಪುರದ ಕ್ರೀಡಾ ನಿಲಯಕ್ಕೋ ಮತ್ತೊಂದು ತರಬೇತಿ ಕೇಂದ್ರಕ್ಕೋ ಸೇರಿ, ಬಾಗಿದ ಹ್ಯಾಂಡಲ್ಲಿನ, ಬೆರಳಗಲದ ಟೈರಿನ ರೋಡ್ ಬೈಕನ್ನು ಮೊದಲ ಸಲ ಹತ್ತಿದಾಗ ಒಂದು ವಿಚಿತ್ರ ನಡೆಯುತ್ತದೆ. ಹತ್ತು ವರ್ಷ ಸೈಕಲ್ ತುಳಿದವನು ಮತ್ತೆ ಕಲಿಯುವವನಾಗುತ್ತಾನೆ. ಸೈಕಲ್ ನೆಟ್ಟಗೆ ಹೋಗುವುದಿಲ್ಲ, ಕತ್ತು ನೋಯುತ್ತದೆ, ಅಂಗೈ ಜೋಮು ಹಿಡಿಯುತ್ತದೆ, ಬ್ರೇಕು ಒತ್ತಿದರೆ ಎದೆ ಧಸಕ್ಕೆನ್ನುತ್ತದೆ. ಸೈಕಲ್ ಸವಾರಿ ಒಮ್ಮೆ ಕಲಿತರೆ ಮರೆಯುವುದಿಲ್ಲ ಎಂಬ ಮಾತು ನಿಜವೇ. ಆದರೆ ಕಲಿತದ್ದು ಯಾವ ಸೈಕಲ್ಲನ್ನು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಹೊಸ ಯಂತ್ರದ ಜೊತೆಗೆ ಅದನ್ನು ಕಲಿಸುವವರೂ ಬರಬೇಕು ಎಂಬುದನ್ನು ಈ ಜಿಲ್ಲೆಯ ಇಬ್ಬರು ಅಣ್ಣತಮ್ಮಂದಿರು ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಅರಿತಿದ್ದರು. ತಮ್ಮನ ಹೆಸರು ಲಕ್ಷ್ಮಣರಾವ್ ಕಿರ್ಲೋಸ್ಕರ್. ಹುಟ್ಟಿದ್ದು 1869ರಲ್ಲಿ, ಈಗಿನ ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ. (ಮರಾಠಿ ಸಂಗೀತ ನಾಟಕಕ್ಕೆ ತಳಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಊರಿನವರು. ಒಂದು ಸಣ್ಣ ಊರಿಗೆ ಇಷ್ಟು ಸಾಕು.) ಚಿತ್ರಕಲೆ ಕಲಿಯಲೆಂದು ಮುಂಬಯಿಗೆ ಹೋದ ಲಕ್ಷ್ಮಣರಾಯರಿಗೆ ಬಣ್ಣಗಳ ಭೇದ ಸರಿಯಾಗಿ ತಿಳಿಯದ ದೃಷ್ಟಿದೋಷವಿತ್ತು. ಆದ್ದರಿಂದ ಕುಂಚ ಬಿಟ್ಟು ಯಂತ್ರಗಳ ನಕ್ಷೆ ಬರೆಯುವ ವಿದ್ಯೆಗೆ ತಿರುಗಿದರು. ಮುಂಬಯಿಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಶಿಕ್ಷಕರಾದರು.

1888ರಲ್ಲಿ ಮುಂಬಯಿಯ ಬೀದಿಯಲ್ಲಿ ಒಬ್ಬಾತ ಎರಡೇ ಗಾಲಿಯ ಮೇಲೆ ಬೀಳದೆ ಹೋಗುವುದನ್ನು ಅವರು ಕಂಡರು. ಅಣ್ಣ ರಾಮಚಂದ್ರರಾಯರು, ಮನೆಯವರ ಬಾಯಲ್ಲಿ ರಾಮುಅಣ್ಣ, ಬೆಳಗಾವಿಯಲ್ಲಿದ್ದರು. ತಮ್ಮ ಮುಂಬಯಿಯಲ್ಲಿ ಸೈಕಲ್ ಕೊಂಡು ಕಳಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರುವುದು ಎಂದಾಯಿತು. ಅಂಗಡಿಯ ಹೆಸರು ಕಿರ್ಲೋಸ್ಕರ್ ಬ್ರದರ್ಸ್. ಒಂದು ಸೈಕಲ್ಲಿನ ಬೆಲೆ 700ರಿಂದ 1000 ರೂಪಾಯಿ. ಆಗ ಅಷ್ಟು ಹಣ ಕೊಟ್ಟು ಸೈಕಲ್ ಕೊಳ್ಳುವವರು ದೊಡ್ಡ ಅಧಿಕಾರಿಗಳು, ಹಣವಂತರು ಮಾತ್ರ. ಕೊಂಡವನಿಗೆ ಸವಾರಿ ಬರುವುದಿಲ್ಲವಲ್ಲ? ಅದಕ್ಕೂ ಅಂಗಡಿಯಲ್ಲಿ ದಾರಿಯಿತ್ತು. ರಾಮುಅಣ್ಣ ಸವಾರಿ ಕಲಿಸಿಕೊಡುತ್ತಿದ್ದರು. ಅದರ ಶುಲ್ಕ 15 ರೂಪಾಯಿ.

ಆ ಕಾಲಕ್ಕೆ 15 ರೂಪಾಯಿ ಚಿಲ್ಲರೆ ಹಣವಲ್ಲ. ಇಂದು ಯಾವ ಸೈಕಲ್ ಅಂಗಡಿಯವನೂ ಸವಾರಿ ಕಲಿಸಲು ರಸೀದಿ ಹರಿಯುವುದಿಲ್ಲವಾದ್ದರಿಂದ ಈ ಶುಲ್ಕ ತಮಾಷೆಯಾಗಿ ಕಾಣಬಹುದು. ಆದರೆ ಜಗತ್ತಿನ ಬೇರೆಡೆಯೂ ಆಗ ಇದೇ ಪದ್ಧತಿಯಿತ್ತು. ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಓಡಿಸಿ ತೋರಿಸಿದ ಎರಡು ಗಾಲಿಯ ಮರದ ಯಂತ್ರಕ್ಕೆ ಪೆಡಲೇ ಇರಲಿಲ್ಲ. ಕಾಲಿನಿಂದ ನೆಲ ಒದೆಯುತ್ತ ಹೋಗಬೇಕು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಗಾಲಿಗೆ ಪೆಡಲು ಬಂತು. ಕಾಲು ನೆಲ ಬಿಟ್ಟಿತು, ಬೀಳುವ ಭಯ ಹುಟ್ಟಿತು, ಹಿಂದೆಯೇ ಸವಾರಿ ಶಾಲೆಗಳೂ ಹುಟ್ಟಿದವು. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1880ರ ದಶಕದಲ್ಲಿ ಎತ್ತರದ ಗಾಲಿಯ ಸೈಕಲ್ ಕಲಿಯಲು ಶಿಕ್ಷಕನನ್ನು ಇಟ್ಟುಕೊಂಡು, ಬಿದ್ದು ಎದ್ದು, ಅದರ ಮೇಲೊಂದು ನಗೆಬರಹವನ್ನೂ ಬರೆದ. ರಷ್ಯಾದ ಟಾಲ್‌ಸ್ಟಾಯ್ 1895ರಲ್ಲಿ, ಎಪ್ಪತ್ತರ ಸಮೀಪದಲ್ಲಿ, ಮಾಸ್ಕೋದ ಕುದುರೆ ಸವಾರಿಯ ಅಂಗಳದಲ್ಲಿ ಸೈಕಲ್ ಕಲಿತರು. ಪಾನನಿರೋಧ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ ಐವತ್ತಮೂರನೆಯ ವಯಸ್ಸಿನಲ್ಲಿ ಕಲಿಯಲು ಹೊರಟು ಮೂರು ತಿಂಗಳು ತೆಗೆದುಕೊಂಡರು. ಬೆಳಗಾವಿಯ ಸಾಹುಕಾರರು ತಡಬಡಿಸಿದ್ದರೆ ಅದರಲ್ಲಿ ನಾಚಿಕೆಯೇನಿಲ್ಲ.

ಆಗಿನ ಸೈಕಲ್ ಹತ್ತುವುದು ಎಷ್ಟು ಕಷ್ಟವಾಗಿತ್ತೆಂದು ಇಂದಿನವರಿಗೆ ಊಹಿಸುವುದೂ ಕಷ್ಟ. ಎರಡೂ ಗಾಲಿ ಸಮ ಎತ್ತರವಿರುವ, ಸರಪಳಿಯಿಂದ ಹಿಂದಿನ ಗಾಲಿ ತಿರುಗುವ ಸೈಕಲ್ಲನ್ನು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಹೊರತಂದಿದ್ದ. ಗಾಳಿ ತುಂಬಿದ ಟೈರನ್ನು ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್ ಪೇಟೆಂಟ್ ಮಾಡಿಸಿದ್ದು 1888ರಲ್ಲಿ, ಅಂದರೆ ಲಕ್ಷ್ಮಣರಾಯರು ಸೈಕಲ್ ಕಂಡ ವರ್ಷವೇ. ಅಲ್ಲಿಯವರೆಗೆ ಗಟ್ಟಿ ರಬ್ಬರು. ರಸ್ತೆಯ ಪ್ರತಿ ಕಲ್ಲೂ ಬೆನ್ನುಮೂಳೆಗೆ ತಿಳಿಯುತ್ತಿತ್ತು. ಪೆಡಲು ಬಿಟ್ಟರೂ ಗಾಲಿ ತಿರುಗುವ ಫ್ರೀವೀಲು ಬಳಕೆಗೆ ಬಂದದ್ದು ಆ ಶತಮಾನದ ಕೊನೆಗೆ. ಅದಕ್ಕೂ ಮುಂಚೆ ಗಾಲಿ ತಿರುಗುವಷ್ಟು ಹೊತ್ತು ಪೆಡಲೂ ತಿರುಗಲೇಬೇಕು. ಇಳಿಜಾರಿನಲ್ಲಿ ಅದು ಕಾಲಿನ ವೇಗ ಮೀರಿದರೆ ಸವಾರ ಕಾಲೆತ್ತಿ ಮುಂದಿನ ಫೋರ್ಕಿನ ಮೇಲಿನ ಎರಡು ಗೂಟಗಳ ಮೇಲಿಟ್ಟು ದೇವರನ್ನು ನೆನೆಯಬೇಕು. ಹತ್ತುವ ವಿಧಾನವಂತೂ ಸರ್ಕಸ್ಸೇ: ಹಿಂದಿನ ಅಚ್ಚಿನ ಪಕ್ಕದ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದರಿಂದ ನೆಲ ಒದೆಯುತ್ತ ಕುಂಟಿ, ವೇಗ ಬಂದ ಮೇಲೆ ಹಿಂದಿನಿಂದ ಸೀಟಿಗೆ ಜಿಗಿಯುವುದು. ಇದನ್ನೆಲ್ಲ ಕಲಿಸುವವನು ಸೀಟು ಹಿಡಿದು ಜೊತೆಗೆ ಓಡಬೇಕು. ರಾಮುಅಣ್ಣ ಪಡೆದ ಹದಿನೈದು ರೂಪಾಯಿ ದುಬಾರಿ ಎನ್ನಲಾಗದು.

ಅದಕ್ಕಿಂತ ಸೂಕ್ಷ್ಮವಾದ ಒಂದು ಪಾಠವುಂಟು, ಅದನ್ನು ಯಾವ ಶಿಕ್ಷಕನೂ ಬಾಯಲ್ಲಿ ಹೇಳಿಕೊಡಲಾರ. ವೇಗದಲ್ಲಿರುವ ಸೈಕಲ್ಲನ್ನು ಎಡಕ್ಕೆ ತಿರುಗಿಸಬೇಕಾದರೆ ಸವಾರ ಮೊದಲು ಹ್ಯಾಂಡಲ್ಲನ್ನು ಕೂದಲೆಳೆಯಷ್ಟು ಬಲಕ್ಕೆ ತಿರುಗಿಸುತ್ತಾನೆ. ಸೈಕಲ್ ಎಡಕ್ಕೆ ವಾಲುತ್ತದೆ. ವಾಲಿದ ಮೇಲೆ ಹ್ಯಾಂಡಲ್ ಎಡಕ್ಕೆ ಬರುತ್ತದೆ. ವಿಮಾನ ಹಾರಿಸಿದ ರೈಟ್ ಸಹೋದರರು 1892ರಿಂದ ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದವರು. ಅವರಲ್ಲಿ ಹಿರಿಯನಾದ ವಿಲ್ಬರ್ ಇದನ್ನು ಗಮನಿಸಿ ಹಲವು ಸವಾರರನ್ನು ವಿಚಾರಿಸಿದ್ದ. ತಾವು ಹೀಗೆ ಮಾಡುತ್ತೇವೆಂಬುದು ಅವರಿಗೆ ಗೊತ್ತೇ ಇರಲಿಲ್ಲ. ತಲೆಗೆ ತಿಳಿಯದ್ದು ಮೈಗೆ ತಿಳಿದಿರುತ್ತದೆ. ಸವಾರನಿಲ್ಲದೆ ತಳ್ಳಿಬಿಟ್ಟ ಸೈಕಲ್ ಕೂಡ ಸ್ವಲ್ಪ ದೂರ ಬೀಳದೆ ಹೋಗುವುದೇಕೆ ಎಂಬುದಕ್ಕೆ ಬಹುಕಾಲ ಗಾಲಿಗಳ ಬುಗುರಿಯಂಥ ಗುಣವನ್ನು ಕಾರಣವಾಗಿ ಹೇಳುತ್ತಿದ್ದರು. 2011ರಲ್ಲಿ ಅಮೆರಿಕ ಮತ್ತು ನೆದರ್‌ಲೆಂಡ್ಸಿನ ವಿಜ್ಞಾನಿಗಳು ಆ ಗುಣವನ್ನು ಬೇಕೆಂದೇ ಅಳಿಸಿಹಾಕಿದ ಒಂದು ಸೈಕಲ್ ಕಟ್ಟಿ, ಅದೂ ತಾನಾಗಿ ನಿಲ್ಲುತ್ತದೆಂದು ತೋರಿಸಿದರು. ಬೀಳುವ ಕಡೆಗೇ ಮುಂದಿನ ಗಾಲಿ ತಿರುಗುವುದು ಮುಖ್ಯ. ಆ ತಿರುವು ಹೇಗೆ ಬಂತೆಂಬುದಕ್ಕೆ ಹಲವು ದಾರಿಗಳಿವೆ.

ಕಿರ್ಲೋಸ್ಕರರ ಕತೆ ಸೈಕಲ್ಲಿಗೆ ನಿಲ್ಲಲಿಲ್ಲ. ಮುಂಬಯಿಯಲ್ಲಿ ತಮಗೆ ಬರಬೇಕಾಗಿದ್ದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬನ ಪಾಲಾದಾಗ ಲಕ್ಷ್ಮಣರಾಯರು ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಮೇವು ಕತ್ತರಿಸುವ ಯಂತ್ರ ಮಾಡಿದರು. 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ರೈಟ್ ಸಹೋದರರ ವಿಮಾನ ನೆಲ ಬಿಟ್ಟಿತು. ಎರಡು ಖಂಡಗಳ ಎರಡು ಸೈಕಲ್ ಅಂಗಡಿಗಳಿಂದ ಒಂದೇ ವರ್ಷ ಒಂದು ನೇಗಿಲು, ಒಂದು ವಿಮಾನ. ಕಾಕತಾಳೀಯವೇ ಹೌದು, ಆದರೂ ನೆನಪಿಡುವಂಥದ್ದು. ವಿಮಾನಕ್ಕೆ ಸಿಕ್ಕ ಬೆರಗು ನೇಗಿಲಿಗೆ ಸಿಗಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹಿಂಜರಿದರು. ಮೊದಲ ನೇಗಿಲು ಮಾರಲು ಎರಡು ವರ್ಷ ಬೇಕಾಯಿತು. ಸೈಕಲ್ ಕೊಂಡವನಿಗೆ ಸವಾರಿ ಕಲಿಸಿದಂತೆ ಇಲ್ಲಿಯೂ ಮೊದಲು ಧೈರ್ಯವನ್ನೇ ಕಲಿಸಬೇಕಿತ್ತು. ಮುಂದೆ ಊರಿನ ವಿಸ್ತರಣೆಗಾಗಿ ಬೆಳಗಾವಿಯ ಜಾಗ ಬಿಡಬೇಕಾದಾಗ ಔಂಧ್ ಸಂಸ್ಥಾನದ ಅರಸರು ಜಾಗ ಕೊಟ್ಟರು. 1910ರಲ್ಲಿ ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿಯ ಬಂಜರಿನಲ್ಲಿ ಎದ್ದದ್ದೇ ಇಂದಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. ಬೆಳಗಾವಿಯಲ್ಲಿ ಕಿರ್ಲೋಸ್ಕರ್ ರಸ್ತೆಯ ಹೆಸರು ಉಳಿದಿದೆ.

ಸೈಕಲ್ ಮಾತ್ರ ಸಾಹುಕಾರರ ಅಂಗಳದಿಂದ ಮೆಲ್ಲಗೆ ಇಳಿದು ಬಂತು. ಸ್ವಾತಂತ್ರ್ಯದ ನಂತರ ಮದರಾಸಿನಲ್ಲಿ, ಆಸನ್ಸೋಲಿನಲ್ಲಿ, ಸೋನಿಪತ್ತಿನಲ್ಲಿ, ಲುಧಿಯಾನದಲ್ಲಿ ಕಾರ್ಖಾನೆಗಳೆದ್ದವು. ಊರೂರಿಗೆ ತಾಸಿನ ಬಾಡಿಗೆಯ ಅಂಗಡಿಗಳು ಬಂದವು. ಕಲಿಸುವ ಕೆಲಸ ಆಗ ಅಂಗಡಿಯವನ ಕೈಬಿಟ್ಟು ಓಣಿಯ ಹುಡುಗರ ಪಾಲಾಯಿತು. ಸೀಟಿಗೆ ಕಾಲು ನಿಲುಕದ ಹುಡುಗ ತ್ರಿಕೋನದ ಚೌಕಟ್ಟಿನೊಳಗೆ ಒಂದು ಕಾಲು ತೂರಿಸಿ, ಮೈಯನ್ನು ಒಂದು ಪಕ್ಕಕ್ಕೆ ಸೊಟ್ಟ ಮಾಡಿ ಅರ್ಧ ಪೆಡಲು ತುಳಿಯುತ್ತಿದ್ದ. ಶುಲ್ಕ ಮೊಣಕಾಲಿನ ಚರ್ಮ. ಹುಡುಗಿಯರ ಸರದಿ ತಡವಾಗಿ ಬಂತು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಾಗ, ಹಳ್ಳಿಯಿಂದ ಪ್ರೌಢಶಾಲೆಯ ಊರಿಗೆ ಸಾಲುಗಟ್ಟಿ ಸೈಕಲ್ ತುಳಿಯುವ ಹುಡುಗಿಯರ ದೃಶ್ಯ ಕೃಷ್ಣೆಯ ದಂಡೆಯಲ್ಲೂ ಸಾಮಾನ್ಯವಾಯಿತು. ರೈಲು ಬಾರದ ಅಥಣಿಯಂಥ ಊರಿನ ಸುತ್ತ ಇದರ ಬೆಲೆ ಹೆಚ್ಚು.

ಈ ಸಾದಾ ಸೈಕಲ್ಲಿಗೂ ರೋಡ್ ಬೈಕಿಗೂ ಇರುವ ಅಂತರ ಎತ್ತಿನ ಗಾಡಿಗೂ ಕುದುರೆಗೂ ಇರುವಂಥದ್ದು. ಸಾದಾ ಸೈಕಲ್ಲಿನ ತೂಕ 20 ಕಿಲೋ ಆಸುಪಾಸು. ಒಳ್ಳೆಯ ರೋಡ್ ಬೈಕು 8-9 ಕಿಲೋ. ಪಂದ್ಯದ ಸೈಕಲ್ 6.8 ಕಿಲೋಗಿಂತ ಹಗುರಾಗಬಾರದೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ನಿಯಮವನ್ನೇ ಮಾಡಿದೆ. ಅದರ ಟೈರು 25ರಿಂದ 28 ಮಿಲಿಮೀಟರ್ ಅಗಲ, ಒಳಗೆ ಗಾಳಿಯ ಒತ್ತಡ ಮಾತ್ರ ಸಾದಾ ಟೈರಿಗಿಂತ ಬಹಳ ಹೆಚ್ಚು. ಗಾಲಿಯ ರಿಮ್ಮು ನೋಡಲು ದೊಡ್ಡದೆನಿಸಿದರೂ ಅಳತೆಯಲ್ಲಿ ನಮ್ಮ 28 ಇಂಚಿನ ಸಾದಾ ಸೈಕಲ್ಲಿಗಿಂತ ಚಿಕ್ಕದು: ಅದು 622 ಮಿಲಿಮೀಟರ್, ಇದು 635. ಎರಡು ಗಾಲಿಗಳ ನಡುವಿನ ಅಂತರ ಕಡಿಮೆ, ಮುಂದಿನ ಫೋರ್ಕು ಹೆಚ್ಚು ನೆಟ್ಟಗೆ. ಹಾಗಾಗಿ ಹ್ಯಾಂಡಲ್ ಸ್ವಲ್ಪ ಮಿಸುಕಿದರೂ ಸೈಕಲ್ ತಿರುಗಿಬಿಡುತ್ತದೆ. ಸಾದಾ ಸೈಕಲ್ಲನ್ನು ಬಿಗಿಹಿಡಿದು ಅಭ್ಯಾಸವಾದ ಕೈ ಇಲ್ಲೂ ಬಿಗಿ ಹಿಡಿಯುತ್ತದೆ. ಓಲಾಟಕ್ಕೆ ಅದೇ ಕಾರಣ. ಮೊಣಕೈ ಸಡಿಲಿಸಿ, ದೃಷ್ಟಿಯನ್ನು ಗಾಲಿಯಿಂದ ಕಿತ್ತು ಹತ್ತಿಪ್ಪತ್ತು ಮಾರು ಮುಂದೆ ಇಟ್ಟರೆ ಸೈಕಲ್ ತಾನೇ ನೆಟ್ಟಗಾಗುತ್ತದೆ. ಅಂಗೈ ಜೋಮಿಗೂ ಮದ್ದು ಕೈಯಲ್ಲಿಲ್ಲ. ಸೀಟಿನ ಎತ್ತರ, ಓರೆ, ಹ್ಯಾಂಡಲ್ಲಿನ ದೂರ ಇವುಗಳನ್ನು ಮೈಗೆ ಹೊಂದಿಸಿದರೆ ಭಾರ ಸೊಂಟಕ್ಕೂ ಹೊಟ್ಟೆಯ ಸ್ನಾಯುಗಳಿಗೂ ಹಂಚಿಹೋಗುತ್ತದೆ.

ಬ್ರೇಕಿನ ವಿಷಯದಲ್ಲಿ ಹುಷಾರು ಬೇಕು. ಸರಳಿನ ಬ್ರೇಕು ಎಷ್ಟು ಒತ್ತಿದರೂ ನಿಧಾನಕ್ಕೆ ಹಿಡಿಯುವಂಥದ್ದು. ರೋಡ್ ಬೈಕಿನ ಮುಂದಿನ ಬ್ರೇಕನ್ನು ಅದೇ ಬಲದಲ್ಲಿ ಒತ್ತಿದರೆ ಹಿಂದಿನ ಗಾಲಿ ನೆಲ ಬಿಡುತ್ತದೆ. ಕೆಲವು ಆಮದು ಸೈಕಲ್ಲುಗಳಲ್ಲಿ ಮುಂದಿನ ಬ್ರೇಕು ಎಡಗೈಗಿರುತ್ತದೆ, ಹತ್ತುವ ಮುನ್ನ ನೋಡಿಕೊಳ್ಳುವುದು ಲೇಸು. ಗೇರಿನದು ಬೇರೆಯೇ ಪುರಾಣ. 1903ರಲ್ಲಿ ಶುರುವಾದ ಟೂರ್ ಡಿ ಫ್ರಾನ್ಸ್ ಪಂದ್ಯದ ಯಜಮಾನರು ಸರಪಳಿ ಹಾರಿಸುವ ಗೇರನ್ನು ಗಂಡಸುತನಕ್ಕೆ ಕುಂದೆಂಬಂತೆ ಕಂಡು 1937ರವರೆಗೆ ಒಳಗೆ ಬಿಡಲಿಲ್ಲ. ಜಾತ್ರೆಯ ಹುಡುಗನಲ್ಲೂ ಅದೇ ಹಟ ಇರುತ್ತದೆ: ಭಾರದ ಗೇರಿನಲ್ಲಿ ಮೈಯೆಲ್ಲ ಬಳಸಿ ತುಳಿಯುತ್ತಾನೆ, ಮೊಣಕಾಲು ನೋಯಿಸಿಕೊಳ್ಳುತ್ತಾನೆ. ಹಗುರ ಗೇರಿನಲ್ಲಿ ಕಾಲನ್ನು ಬೇಗ ಬೇಗ, ನಿಮಿಷಕ್ಕೆ ಎಂಬತ್ತು ತೊಂಬತ್ತು ಸುತ್ತು ತಿರುಗಿಸುವುದು ಸೋಮಾರಿತನವಲ್ಲ ಎಂದು ಅವನನ್ನು ಒಪ್ಪಿಸಲು ವಾರಗಳೇ ಬೇಕು.

ಇನ್ನು ಪಾದರಕ್ಷೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಲಾಪುರಿ ಚಪ್ಪಲಿಯ ಹಕ್ಕು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಷ್ಟೇ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಸೇರಿದ್ದು. ಅದನ್ನು ಹೊಲಿಯುವ ಊರುಗಳಲ್ಲಿ ಅಥಣಿಗೆ ದೊಡ್ಡ ಹೆಸರು. ಬೇಕೆಂದಾಗ ಕಾಲು ಕಿತ್ತು ನೆಲಕ್ಕೂರಬಹುದಾದ ಆ ಚಪ್ಪಲಿಯ ಊರಿನವನು ಪೆಡಲಿಗೆ ಕಚ್ಚಿಕೊಳ್ಳುವ ಬೂಟು ತೊಡಬೇಕು. ಹಿಮ್ಮಡಿಯನ್ನು ಹೊರಕ್ಕೆ ತಿರುಚಿದರೆ ಮಾತ್ರ ಅದು ಬಿಡುತ್ತದೆ. ಫ್ರಾನ್ಸಿನ ಲುಕ್ ಕಂಪೆನಿ 1984ರಲ್ಲಿ ಈ ಪೆಡಲನ್ನು ಪೇಟೆಗೆ ತಂದಾಗಿನಿಂದ ಜಗತ್ತಿನಾದ್ಯಂತ ಹೊಸಬರು ಬೀಳುವ ರೀತಿ ಒಂದೇ: ಓಡುವಾಗಲ್ಲ, ನಿಂತ ಮೇಲೆ, ನಾಲ್ಕು ಜನ ನೋಡುತ್ತಿರುವಾಗ, ನಿಧಾನವಾಗಿ, ಪಕ್ಕಕ್ಕೆ.

ರಸ್ತೆಯೂ ಪಾಠ ಕಲಿಸುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಉಗಾರ, ಕಾಗವಾಡ, ಅಥಣಿಯ ದಾರಿಗಳಲ್ಲಿ ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಹೊಸ ಸವಾರ ರಸ್ತೆಯ ಅಂಚಿಗೆ ಸರಿಯುತ್ತಾನೆ, ಜಾಲಿಮುಳ್ಳು ಇರುವುದು ಅಲ್ಲಿಯೇ. ಆದ್ದರಿಂದ ಈ ಭಾಗದ ತರಬೇತುದಾರರು ಹುಡುಗರನ್ನು ನಸುಕಿನಲ್ಲೇ ಎಬ್ಬಿಸಿ ರಸ್ತೆಗೆ ಇಳಿಸುತ್ತಾರೆ. ಹಿಂದಿನಿಂದ ಮೋಟಾರ್ ಸೈಕಲ್ಲಿನಲ್ಲಿ ಬರುತ್ತ, ಕೈ ಸಡಿಲ ಬಿಡು, ಮುಂದೆ ನೋಡು ಎಂದು ಕೂಗುತ್ತಿರುತ್ತಾರೆ. ರಾಮುಅಣ್ಣ ಇದೇ ಕೆಲಸವನ್ನು ಓಡುತ್ತ ಮಾಡಬೇಕಿತ್ತು.